ಸೊಂಟದ ಕೆಳಗೆ ಮರಗಟ್ಟಿದವರು ಹೇಳಿದ ಬುದ್ಧಿಮಾತು

ಆಪರೇಷನ್ ಟೇಬಲ್ಲಿನ ತಲೆದೆಸೆಗೆ ಸ್ಟೂಲ್ ಹಾಕಿಕೊಂಡು ಕೂಡುವ ಕಸುಬು ಹಿಡಿದವರಿಗೆ ಇಂಥವು ಆಗುತ್ತಲೇ ಇರುತ್ತವೆ. ಆಗಲಿಲ್ಲವೆಂದರೆ ಅವತ್ತು ಆಪರೇಷನ್ನೇ ಇರಲಿಲ್ಲ ಅಂತ ತಿಳಿಯಬೇಕು.

ನಾನು ಅರಿವಳಿಕೆ ಡಾಕ್ಟರು. ಬೆನ್ನಿಗೊಂದು ಸೂಜಿ ಕೊಟ್ಟರೆ ಮನುಷ್ಯ ಸೊಂಟದಿಂದ ಕೆಳಗೆ ಮರಗಟ್ಟಿಹೋಗುತ್ತಾನೆ. ಸೊಂಟದಿಂದ ಮೇಲೆ ಎಲ್ಲವೂ ಮೊದಲಿನಂತೆ ನಡೆಯುತ್ತಿರುತ್ತದೆ, ಅದರಲ್ಲೂ ಬಾಯಿ. ಎದೆಯ ಮೇಲೆ ಹಸಿರು ಬಟ್ಟೆಯ ಪರದೆ. ಆಚೆ ಸರ್ಜನ್ನರು ಕೊಯ್ಯುತ್ತಿರುತ್ತಾರೆ, ಈಚೆ ರೋಗಿಗೆ ಕಾಣುವುದು ನನ್ನ ಮುಖವೊಂದೇ, ಅದೂ ತಲೆಕೆಳಗಾಗಿ. ಬೇರೆ ದಿಕ್ಕಿಲ್ಲದೆ ಒಂದು ತಾಸು ನನ್ನ ಜೊತೆ ಮಾತಾಡುತ್ತಾರೆ.

ಅರಿವಳಿಕೆಯ ತರಬೇತಿ, ಅಂದರೆ ರೆಸಿಡೆನ್ಸಿ, ಮುಗಿದ ಮೇಲೆ ಮುಂದೇನು ಮಾಡಬೇಕೆಂದು ತಿಳಿಯದೆ ನಾನು ಹತ್ತಿರ ಹತ್ತಿರ ಒಂದು ವರ್ಷ ದೇಶ ಸುತ್ತಿದೆ. ಪ್ರೊಫೆಸರುಗಳನ್ನು ಕೇಳಿದೆ, ಹಿರಿಯರನ್ನು ಕೇಳಿದೆ, ವಿಮಾನದಲ್ಲಿ ಪಕ್ಕದ ಸೀಟಿನವರನ್ನೂ ಕೇಳಿದೆ. ಕೊನೆಗೆ ದಾರಿ ತೋರಿಸಿದವರು ಮಾತ್ರ ನನ್ನೆದುರು ಅಂಗಾತ ಮಲಗಿದ್ದವರೇ.

೧. ಹಡಗಿನಲ್ಲಿ

ನನ್ನ ಜೊತೆ ಕಲಿತವರೆಲ್ಲ ಕೊನೆಯ ಪರೀಕ್ಷೆಯ ಮರುದಿನವೇ ತಮ್ಮ ತಮ್ಮ ಹಾದಿ ಹಿಡಿದರು. ಒಬ್ಬಳು ಹೃದಯದ ಆಪರೇಷನ್ನುಗಳಿಗೇ ಸೂಜಿ ಕೊಡುತ್ತೇನೆಂದು ದಿಲ್ಲಿಗೆ ಹೋದಳು. ಒಬ್ಬ ನೋವಿನ ಕ್ಲಿನಿಕ್ ತೆರೆದ. ಇನ್ನೊಬ್ಬ ಔಷಧ ಕಂಪನಿ ಸೇರಿ ಟೈ ಕಟ್ಟತೊಡಗಿದ. ಮತ್ತೊಬ್ಬ ಎಲ್ಲ ಬಿಟ್ಟು ಕಲೆಕ್ಟರ್ ಆಗುತ್ತೇನೆಂದು ಕೋಚಿಂಗಿಗೆ ಸೇರಿದ. ನನ್ನನ್ನು ಕೇಳಿದವರಿಗೆ ನಾನು "ನೋಡಬೇಕು" ಅನ್ನುತ್ತಿದ್ದೆ. ನೋಡುವುದೆಂದರೆ ಮೊದಲು ಲೇಹ್‌ನ ಚಾರಣ ಶಿಬಿರದಲ್ಲಿ ಮೂರು ತಿಂಗಳು, ಆಮೇಲೆ ಒಂದು ಪ್ರವಾಸಿ ಹಡಗಿನಲ್ಲಿ ಆರು ತಿಂಗಳು.

ಹಡಗಿನಲ್ಲಿ ವಾಂತಿಯ ಗುಳಿಗೆ ಹಂಚುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಅಲ್ಲಿ ಯಾರಿಗೂ ಅರಿವಳಿಕೆ ಬೇಕಾಗಲಿಲ್ಲ. ನಾನು ಸುಮ್ಮನೆ ಕೂತದ್ದು ನೋಡಲಾರದೆ ಕ್ಯಾಪ್ಟನ್, ಪ್ರಯಾಣಿಕರಿಗೆ ಆರೋಗ್ಯದ ಮೇಲೆ ಒಂದು ಉಪನ್ಯಾಸ ಮಾಡು ಎಂದ. ಊಟದ ನಂತರ ದೊಡ್ಡ ಹಾಲಿನಲ್ಲಿ ರಕ್ತದೊತ್ತಡದ ಬಗ್ಗೆ ಮಾತಾಡಿದೆ. ಹತ್ತನೇ ನಿಮಿಷಕ್ಕೆ ಮುಂದಿನ ಸಾಲು ಗೊರಕೆ ಹೊಡೆಯಿತು, ಇಪ್ಪತ್ತನೆಯದಕ್ಕೆ ಇಡೀ ಹಾಲು. ಮುಖ ಕೆಳಗೆ ಹಾಕಿಕೊಂಡು ಕಾಗದ ಮಡಚುತ್ತಿದ್ದಾಗ ಇಟಲಿಯ ಮುದುಕಿಯೊಬ್ಬರು ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ಈ ಹಡಗು ಹತ್ತಿದಾಗಿನಿಂದ ನನಗೆ ಕಣ್ಣು ಹತ್ತಿರಲಿಲ್ಲ ಮಗಳೇ. ನಾಳೆ ಎಷ್ಟು ಗಂಟೆಗೆ?"

ಮರುದಿನದಿಂದ ಹಡಗಿನ ಕಾರ್ಯಕ್ರಮ ಪಟ್ಟಿಯಲ್ಲಿ ನಾನು ದಿನಾಲು ಮಧ್ಯಾಹ್ನ ಎರಡಕ್ಕೆ, ಈಜುಕೊಳಕ್ಕೂ ಚಹಾಕ್ಕೂ ನಡುವೆ.

೨. ರೊಟ್ಟಿ ಮನೆಯಲ್ಲಿ

ಹಡಗು ಇಳಿದು ಶಹಾಪುರಕ್ಕೆ ಬಂದೆ. ಅಲ್ಲಿ ನನ್ನವ್ವ ಎಂಟು ಹೆಣ್ಣುಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಂಡು ಖಡಕ್ ರೊಟ್ಟಿ ಮಾಡಿಸಿ ಊರೂರಿಗೆ ಕಳಿಸುತ್ತಾಳೆ. ಬೆಳಗಾದರೆ ಹಿಂದಿನ ಕೋಣೆಯಿಂದ ಟಪಟಪ ಸದ್ದು. ಅವ್ವನಿಗೆ ನನ್ನ ತಿರುಗಾಟದ ಬಗ್ಗೆ ತಕರಾರಿರಲಿಲ್ಲ. ಯಾರಾದರೂ ಕೇಳಿದರೆ ಹೇಳಲು ಒಂದು ಮಾತು ಬೇಕಿತ್ತು, ಅಷ್ಟೆ.

ರೊಟ್ಟಿ ಬಡಿಯುತ್ತಿದ್ದ ಹಿರಿಯ ಹೆಂಗಸೊಬ್ಬಳು ಕೇಳಿದಳು, "ಅಕ್ಕಾರ, ನೀವು ಯಾವುದರ ಡಾಕ್ಟರ್ರಿ? ಕಣ್ಣಿಂದೋ, ಹಲ್ಲಿಂದೋ?"

ನಾನು ಬಾಯಿ ತೆರೆಯುವುದರೊಳಗೆ ಅವ್ವನೇ ಉತ್ತರ ಕೊಟ್ಟಳು. "ಕೊಯ್ಯಾವ್ರು ಬ್ಯಾರೆ ಇರ್ತಾರ. ಕೊಯ್ಯೂದು ಗೊತ್ತಾಗದಂಗ ಮಾಡಾಕಿ ಇಕಿ."

ಆ ಹೆಂಗಸು ರೊಟ್ಟಿ ಎತ್ತಿ ಹಂಚಿಗೆ ಹಾಕಿದಳು.

"ಹೌದೇನು? ಹಂಗಾದ್ರ ನಮ್ಮ ಜೋಳದ ವ್ಯಾಪಾರಿನೂ ಅದೇ ಓದ್ಯಾನ ಬಿಡ್ರಿ."

೩. ಮಸ್ಕತ್ತಿನ ಸಂದರ್ಶನ

ಅದೇ ವಾರ ಮಸ್ಕತ್ತಿನ ಒಂದು ಆಸ್ಪತ್ರೆಗೆ ಅರ್ಜಿ ಹಾಕಿದ್ದಕ್ಕೆ ಕರೆ ಬಂತು. ವಿಡಿಯೋದಲ್ಲಿ ಸಂದರ್ಶನ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ನಿಲ್ಲುವುದು ಒಂದೇ ಕಡೆ, ರೊಟ್ಟಿ ಕೋಣೆಯ ಕಿಟಕಿಯ ಬಳಿ. ಕೋಟು ಹಾಕಿಕೊಂಡು ಹಿಟ್ಟಿನ ಡಬ್ಬಿಯ ಮೇಲೆ ಕೂತೆ. ಎಂಟೂ ಜನರಿಗೆ ಸದ್ದು ಮಾಡಬೇಡಿರೆಂದು ಹೇಳಿದ್ದೆ. ಅವರು ಬಾಯಿ ಮುಚ್ಚಿಕೊಂಡರು, ಕೈ ಮುಚ್ಚಲಿಲ್ಲ.

ಪರದೆಯ ಮೇಲೆ ಮೂವರು. ನಡುವೆ ಕೂತಿದ್ದ ಇಂಗ್ಲಿಷ್ ಮಹಿಳೆ ಮೊದಲ ಪ್ರಶ್ನೆ ಕೇಳಿ, ಉತ್ತರ ಕೇಳುತ್ತ ಕೇಳುತ್ತ ಮುಖ ಗಂಭೀರ ಮಾಡಿದರು. "ಡಾಕ್ಟರ್, ಹಿಂದೆ ಅದೇನು ಗುಂಡಿನ ಸದ್ದೇ? ನೀವು ಸುರಕ್ಷಿತವಾಗಿದ್ದೀರಾ? ಸಂದರ್ಶನ ಇನ್ನೊಂದು ದಿನ ಇಟ್ಟುಕೊಳ್ಳೋಣವೇ?"

ನಾನು ಸಮಜಾಯಿಷಿ ಹುಡುಕುತ್ತಿರುವಾಗ, ಅಂಚಿನಲ್ಲಿ ಅಲ್ಲಿಯವರೆಗೆ ತುಟಿ ಬಿಚ್ಚದೆ ಕೂತಿದ್ದ ಕನ್ನಡಕದವರು ಮುಂದಕ್ಕೆ ಬಾಗಿ ಅಚ್ಚ ರಾಯಚೂರಿನ ದನಿಯಲ್ಲಿ ಕೇಳಿದರು. "ಅದು ರೊಟ್ಟಿ ಬಡಿಯೂ ಸಪ್ಪಳ ಅಲ್ಲೇನ್ರಿ?"

ಹತ್ತು ನಿಮಿಷದಲ್ಲಿ ನನ್ನ ಸಂದರ್ಶನ ಮುಗಿಯಿತು. ಉಳಿದ ಅರ್ಧ ತಾಸು ಆ ಕನ್ನಡಕದವರು ಅವ್ವನ ಜೊತೆ ಮಾತಾಡಿದರು, ಸಮುದ್ರ ದಾಟಿದರೆ ರೊಟ್ಟಿ ಮೆತ್ತಗಾಗುತ್ತದೋ ಇಲ್ಲವೋ ಎಂದು. ಸಂಜೆ ನನಗೆ ನೇಮಕದ ಪತ್ರ ಬಂತು. ತಿಂಗಳ ಕೊನೆಯ ದಿನ ನಮ್ಮ ಹೊತ್ತಿನ ಸಂಜೆ ಐದರೊಳಗೆ ಫೋನಿನಲ್ಲಿ ಸಹಿ ಮಾಡಬೇಕು, ಮಾಡದಿದ್ದರೆ ಕೆಲಸ ಬೇರೆಯವರಿಗೆ.

ಅವ್ವ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದಳು. "ನಿಂದು ಇನ್ನಾ ಸಹಿ ಆಗಬೇಕು. ನಂದು ಆರ್ಡರ್ ಪಕ್ಕಾ ಆತು."

೪. ಸಗರದ ಹಿರಿಯರು

ಸಹಿ ಮಾಡುವುದಕ್ಕೆ ಇನ್ನೂ ಮೂರು ವಾರ ಇರುವಾಗ ಸುರಪುರದಿಂದ ಫೋನು. ಮೂವತ್ತು ವರ್ಷದಿಂದ ಅಲ್ಲಿ ಹೆರಿಗೆ ಆಸ್ಪತ್ರೆ ನಡೆಸುವ ಡಾಕ್ಟರಮ್ಮ, ಅವ್ವನ ಗೆಳತಿ. ಅವರ ಅರಿವಳಿಕೆ ಡಾಕ್ಟರಿಗೆ ವಯಸ್ಸಾಗಿ ಕೈ ನಡುಗತೊಡಗಿದ್ದರಿಂದ ಅವರೇ ಸೂಜಿ ಕೆಳಗಿಟ್ಟಿದ್ದರು.

"ತಂಗಿ, ಸೂಜಿ ಕೊಡಾವ್ರು ಇಲ್ಲಂದ್ರ ಆಪರೇಷನ್ ಥಿಯೇಟರಿಗೆ ಕೀಲಿ ಹಾಕಬೇಕು. ತ್ರಾಸಾದ ಹೆರಿಗಿ ಎಲ್ಲಾ ಕಲಬುರಗಿಗಿ ಕಳಿಸಬೇಕು. ಎಷ್ಟು ಮಂದಿ ಮುಟ್ಟತಾರ, ಎಷ್ಟು ಮಂದಿ ಹಾದ್ಯಾಗೇ ಉಳೀತಾರ, ಹೇಳಾಕ ಬರಂಗಿಲ್ಲ. ಈ ತಿಂಗಳಾದರೂ ಬಾ. ಅಷ್ಟರಾಗ ಯಾರನ್ನರೆ ಹುಡುಕತೀನಿ."

ಹೋದೆ. ನಾಲ್ಕೇ ದಿನಕ್ಕೆ ಸುದ್ದಿ ಹಬ್ಬಿ ಶಹಾಪುರ, ಯಾದಗಿರಿಯ ಸರ್ಜನ್ನರೂ ಫೋನು ಹಚ್ಚಿದರು. ಒಂದು ಚೀಲ, ಮೂರು ಊರು, ಕೆಂಪು ಬಸ್ಸು. ಬೆಳಿಗ್ಗೆ ಸುರಪುರ, ಮಧ್ಯಾಹ್ನ ಶಹಾಪುರ, ಆಮೇಲೆ ಯಾದಗಿರಿ. ಆಪರೇಷನ್ನಿನ ಹೊತ್ತು ಬಸ್ಸಿನ ಹೊತ್ತಿನ ಮೇಲೆ ನಿಲ್ಲತೊಡಗಿತು. ಸರ್ಜನ್ನರು ಕೈ ತೊಳೆಯುವ ಮೊದಲು ನರ್ಸಿಗೆ ಕೇಳುವುದು, "ಬಸ್ಸು ಬಂತೇನು?" ನರ್ಸು ಹೇಳುವುದು, "ಬಂತ್ರಿ ಸರ್. ಸೀಟು ಸಿಕ್ಕಿಲ್ಲಂತ, ಮೇಡಂ ನಿಂತೇ ಬಂದಾರ. ಐದು ಮಿನಿಟು ಕುಂದ್ರಾಕ ಬಿಡಬೇಕಾಗ್ತದ."

ಶಹಾಪುರದಲ್ಲಿ ಮೊದಲ ರೋಗಿ ಸಗರದ ಒಬ್ಬ ಹಿರಿಯರು, ಹರ್ನಿಯಾ ಆಪರೇಷನ್. ಸೂಜಿ ಕೊಡುವಾಗ ಬೆನ್ನು ತಿರುಗಿಸಿ ಕೂತಿದ್ದರಿಂದ ಕೊಟ್ಟವರು ಯಾರೆಂದು ಅವರಿಗೆ ಗೊತ್ತಿಲ್ಲ. ಮಲಗಿದ ಮೇಲೆ ಸ್ಟೂಲಿನ ಮೇಲೆ ಕೂತ ನನ್ನನ್ನು ಬಹಳ ಹೊತ್ತು ನೋಡಿದರು.

"ಎಲ್ಲಾರೂ ಕೆಲಸ ಮಾಡಾಕತ್ತಾರ. ನೀವು ಯಾಕ ಖಾಲಿ ಕುಂತೀರಿ?"

"ಇದೇ ನನ್ನ ಕೆಲಸ್ರಿ."

"ಕುಂದ್ರೂದಾ?"

"ನಿಮ್ಮ ಉಸುರು, ನಾಡಿ ನೋಡ್ಕೋತ ಕುಂದ್ರೂದು."

"ನನ್ನ ಉಸುರು ಅರವತ್ತು ವರ್ಷದಿಂದ ನಾನೊಬ್ಬನೇ ನೋಡ್ಕೊಂಡು ಬಂದೀನಿ. ಯಾರನ್ನೂ ಇಟ್ಟಿಲ್ಲ." ಅವರ ದನಿಯಲ್ಲಿ ನಿಜವಾದ ಮರುಕವಿತ್ತು. "ಎಲ್ಲೀತನಕ ಓದೀರಿ, ಅವ್ವಾ?"

ಹೇಳಿದೆ. ಪಿಯುಸಿ ಆದ ಮೇಲೆ ಒಂಬತ್ತು ವರ್ಷ.

"ಒಂಬತ್ತು ವರ್ಷ ಓದಿಸಿ ಸ್ಟೂಲ್ ಮ್ಯಾಲ ಕುಂದ್ರಿಸ್ಯಾರ," ಎಂದು ಅವರು ಪರದೆಯ ಆಚೆಗೆ ಕೇಳುವಂತೆ ಹೇಳಿದರು. ಆಮೇಲೆ ಗುಟ್ಟಿನ ದನಿ. "ನಮ್ಮೂರ ಸಾಲ್ಯಾಗ ನನ್ನ ಅಳಿಯ ಹೆಡ್ ಮಾಸ್ತರ ಅದಾನ. ಗಣಿತಕ್ಕ ಒಂದು ಜಾಗಾ ಖಾಲಿ ಅದ. ನಾ ಎದ್ದ ಮ್ಯಾಲ ಮಾತಾಡ್ತೀನಿ. ಅಲ್ಲಿ ನಿಮಗ ಕುರ್ಚಿನೂ ಕೊಡ್ತಾರ."

೫. ಯಾದಗಿರಿಯ ದರ್ಜಿಯಮ್ಮ

ಯಾದಗಿರಿಯಲ್ಲಿ ತೊಡೆಯ ಎಲುಬು ಮುರಿದುಕೊಂಡ ಒಬ್ಬ ಅಮ್ಮ. ನಲವತ್ತು ವರ್ಷ ಮದುವೆಯ ಬಟ್ಟೆ ಹೊಲಿದವರು. ಆಚೆ ಸರ್ಜನ್ನರು ಬಡಿಗನ ಹಾಗೆ ಸುತ್ತಿಗೆ ಬಡಿಯುತ್ತಿದ್ದರು, ಈಚೆ ಈ ಅಮ್ಮ ನನ್ನ ವಿಚಾರಣೆ ನಡೆಸಿದ್ದರು.

"ಕ್ಯಾ ಕಾಮ್ ಕರ್ತೀ ಬೇಟಿ?"

ಸೂಜಿ ಹಾಕುವ ಕೆಲಸ ಎಂದೆ.

"ಅಚ್ಛಾ, ನಂದೂ ಅದೇ." ಅಲ್ಲಿಂದ ಮುಂದೆ ನಮ್ಮಿಬ್ಬರದೂ ಒಂದೇ ಕಸುಬು ಎಂಬಂತೆಯೇ ಮಾತು. ನಾನು ಮಸ್ಕತ್ತಿನ ಪತ್ರದ ಸಂಗತಿ ಹೇಳಿದೆ. ಅಲ್ಲಿ ಒಂದೇ ಆಸ್ಪತ್ರೆ, ಒಂದೇ ಕೋಣೆ, ಹೊಸ ಮಶೀನುಗಳು. ಇಲ್ಲಿ ಮೂರು ಊರು, ಬಸ್ಸು, ಚೀಲ.

ಅವರು ಸ್ವಲ್ಪವೂ ತಡಮಾಡಲಿಲ್ಲ. "ಹತ್ತು ವರ್ಷ ನಾನೂ ಅಂಗಡಿಯಾಗ ಕುಂತಿದ್ದೆ. ಅಲ್ಲಿ ಬಂದವ್ರೆಲ್ಲಾ ನನಗ ಬೈದು ಹೋದ್ರು, ಇಲ್ಲಿ ಬಿಗಿ ಆಗ್ಯಾದ, ಅಲ್ಲಿ ಸಡ್ಲ ಆಗ್ಯಾದ. ಮಶೀನು ಹೊತ್ತು ಮದುವಿ ಮನಿಗಿ ಹೋಗಾಕ ಹತ್ತಿದೆ ನೋಡು, ಕುಂದ್ರಾಕ ಗಾದಿ, ಕುಡಿಯಾಕ ಚಾ. ಕರೆಸಿಕೊಂಡವ್ರು ಬೈಯಂಗಿಲ್ಲ ಬೇಟಿ. ತಾವಾಗಿ ಬಂದವ್ರೇ ಬೈಯೂದು."

ಯಾವ ಪ್ರೊಫೆಸರೂ ನನಗೆ ಇಷ್ಟು ಬಿಡಿಸಿ ಹೇಳಿರಲಿಲ್ಲ.

ಸುತ್ತಿಗೆ ನಿಂತಿತು. "ಈಗೇನು ನಡದದ?" ಅಂದರು. ಹೊಲಿಗೆ ಹಾಕುತ್ತಿದ್ದಾರೆ ಎಂದೆ. ಎಷ್ಟು ಉದ್ದ ಕೊಯ್ದಿದ್ದಾರೆ? ಒಂದು ಗೇಣು. ಎಷ್ಟು ಹೊಲಿಗೆ? ಇಣುಕಿ ನೋಡಿ, ಎಂಟು ಎಂದೆ.

"ಒಂದು ಗೇಣಿಗಿ ಎಂಟೇ ಟಾಂಕಾ?" ಅಮ್ಮ ಪರದೆಯತ್ತ ಮುಖ ತಿರುಗಿಸಿ ನಿಧಾನವಾಗಿ ಹೇಳಿದರು. "ಹಿಂಗ ಹೊಲಿದಿದ್ರ ಮದುವಿ ದಿನಾ ಹುಡಿಗಿ ಮಂಟಪದಾಗ ಕುಂದ್ರತಿದ್ದಿಲ್ಲ ಸಾಬ್."

ಆಚೆಯಿಂದ ಸರ್ಜನ್ನರ ದನಿ ಕೇಳಿತು. "ಸಿಸ್ಟರ್, ಇನ್ನೊಂದು ದಾರ ಬಿಚ್ಚರಿ."

೬. ಕೋರಂ

ತಿಂಗಳ ಕೊನೆಯ ದಿನ ಬಂತು. ಸಂಜೆ ಐದಕ್ಕೆ ಮಸ್ಕತ್ತಿನ ಗಡುವು. ಸಹಿ ಮಾಡುವುದೆಂದು ನಿರ್ಧಾರ ಮಾಡಿಯೇ ಸುರಪುರದ ಬಸ್ಸು ಹತ್ತಿದ್ದೆ, ಹೇಳಿ ಬರೋಣ ಅಂತ. ಡಾಕ್ಟರಮ್ಮನಿಗೆ ಬೇರೆ ಯಾರೂ ಸಿಕ್ಕಿರಲಿಲ್ಲ. ಅವರ ಮೇಜಿನ ಮೇಲೆ ಥಿಯೇಟರಿಗೆಂದು ತಂದ ಹೊಸ ಬೀಗವೊಂದು ಕಾಗದದ ಪೊಟ್ಟಣದಲ್ಲೇ ಇತ್ತು.

ಮಧ್ಯಾಹ್ನ ಎರಡಕ್ಕೆ ವನದುರ್ಗದ ಕಡೆಯಿಂದ ಒಂದು ಜೀಪು ಬಂತು. ಅದರಲ್ಲಿ ಒಂದು ಪಂಚಾಯಿತಿಯ ಅಧ್ಯಕ್ಷೆ, ತುಂಬಿದ ಗರ್ಭಿಣಿ, ಬೆಳಗಿನಿಂದ ನೋವು. ಮಗುವಿನ ಎದೆಬಡಿತ ಇಳಿಯುತ್ತಿತ್ತು. ಕಲಬುರಗಿಯ ಮಾತೇ ಇರಲಿಲ್ಲ. ಹತ್ತು ನಿಮಿಷದಲ್ಲಿ ಆಕೆ ಟೇಬಲ್ ಮೇಲೆ, ನಾನು ಸ್ಟೂಲಿನ ಮೇಲೆ. ಫೋನು ಹೊರಗೆ ಕಪಾಟಿನಲ್ಲಿ.

ಸೂಜಿ ಹತ್ತಿ ನೋವು ನಿಂತದ್ದೇ ಅಧ್ಯಕ್ಷೆಗೆ ಅಧ್ಯಕ್ಷತೆ ನೆನಪಾಯಿತು. ನನ್ನ ಎಡಗೈ ಬಿಗಿಯಾಗಿ ಹಿಡಿದುಕೊಂಡು ಕೇಳಿದಳು. "ನೀವು ನಾಳಿಂದ ಬರಂಗಿಲ್ಲಂತ, ಖರೇನಾ?"

"ಯಾರು ಹೇಳಿದ್ರು?"

"ಹೊರಗ ಆಯಾ ಅಳಾಕತ್ತಾಳ."

"ಮಸ್ಕತ್ತಿಗಿ ಹೋಗೂದದ್ರಿ."

"ಯಾರ ಒಪ್ಪಿಗಿ ತಗೊಂಡೀರಿ?"

"ನನ್ನ ನೌಕರಿಗಿ ಯಾರ ಒಪ್ಪಿಗಿ ಬೇಕ್ರಿ?"

"ಇಷ್ಟು ಹಳ್ಳಿ ಹೆಣ್ಮಕ್ಕಳ ಹೆರಿಗಿ ವಿಷಯ ಅದ. ನಿಮ್ಮೊಬ್ಬರ ನೌಕರಿ ಹ್ಯಾಂಗಾಗ್ತದ? ಸಭಾ ಕರಿಬೇಕಾಗಿತ್ತು." ಆಕೆ ಕತ್ತು ಹೊರಳಿಸಿ ನೋಡಿದಳು. "ಇಲ್ಲಿ ಎಷ್ಟು ಮಂದಿ ಅದೀವಿ?"

ಎಣಿಸಿದೆ. ಡಾಕ್ಟರಮ್ಮ, ಅವರಿಗೆ ನೆರವಾಗುವ ನರ್ಸು, ಮಗುವಿಗಾಗಿ ಬಟ್ಟೆ ಹರವಿಕೊಂಡು ನಿಂತ ಇನ್ನೊಬ್ಬ ನರ್ಸು, ನಾನು, ಆಕೆ. "ಐದು."

"ಕೋರಂ ಆತು, ಸಭಾಕ್ಕ ಇಷ್ಟು ಮಂದಿ ಸಾಕು. ವಿಷಯ ಒಂದು. ಸೂಜಿ ಡಾಕ್ಟರ್ ಮೇಡಂ ಅವರು ಈ ಭಾಗ ಬಿಟ್ಟು ಹೋಗತಕ್ಕದ್ದಲ್ಲ. ವಿರೋಧ ಇದ್ದವ್ರು ಕೈ ಎತ್ರಿ."

ಡಾಕ್ಟರಮ್ಮನ ಎರಡೂ ಕೈ ಆಕೆಯ ಹೊಟ್ಟೆಯೊಳಗಿದ್ದವು. ನೆರವಿನ ನರ್ಸು ಎರಡೂ ಕೈಯಿಂದ ಗಾಯದ ಅಂಚು ಹಿಡಿದು ನಿಂತಿದ್ದಳು. ಇನ್ನೊಬ್ಬಳ ಕೈಯಲ್ಲಿ ಬಟ್ಟೆ. ನನ್ನ ಬಲಗೈ ಔಷಧ ತಳ್ಳುತ್ತಿತ್ತು, ಎಡಗೈ ಸ್ವತಃ ಅಧ್ಯಕ್ಷೆಯ ಮುಷ್ಟಿಯಲ್ಲಿತ್ತು.

ಆಕೆ ಮೂರು ಎಣಿಸುವಷ್ಟು ಕಾದಳು. "ಯಾರೂ ಎತ್ತಿಲ್ಲ. ಸರ್ವಾನುಮತ."

"ತಂಗಿ, ತಲಿ ಬಂತು," ಎಂದರು ಡಾಕ್ಟರಮ್ಮ.

ಮಗು ಹೊರಗೆ ಬಂತು. ಅಳಲಿಲ್ಲ. ನಾನು ಕೈ ಬಿಡಿಸಿಕೊಂಡು ಎದ್ದೆ. ನೀಲಿಗಟ್ಟಿದ ಮೈ ಒರೆಸಿ, ಬೆನ್ನು ತಿಕ್ಕಿ, ಮುಖಕ್ಕೆ ಸಣ್ಣ ಮಾಸ್ಕ್ ಇಟ್ಟು ಗಾಳಿಯ ಚೀಲ ಒತ್ತಿದೆ. ಒಂದು. ಎರಡು. ಲೇಹ್, ಹಡಗು, ಮಸ್ಕತ್ತು, ಯಾವುದೂ ತಲೆಯಲ್ಲಿರಲಿಲ್ಲ. ಹತ್ತನೆಯದಕ್ಕೆ ಎದೆ ತಾನಾಗಿ ಎದ್ದಿತು, ಮೈ ಕೆಂಪಾಯಿತು. ಆಮೇಲೆ ಬಂದ ದನಿ ಬಸ್‌ಸ್ಟ್ಯಾಂಡಿನವರೆಗೂ ಕೇಳಿಸಿರಬೇಕು.

ಅಧ್ಯಕ್ಷೆಯ ಕಣ್ಣಲ್ಲಿ ನೀರಿಳಿಯುತ್ತಿತ್ತು, ಆದರೆ ದನಿ ಕುರ್ಚಿ ಬಿಟ್ಟು ಇಳಿದಿರಲಿಲ್ಲ. "ಏನದು, ವಿರೋಧಾನಾ?"

"ಇಲ್ರಿ, ಅನುಮೋದನೆ," ಎಂದೆ.

"ಏನು ಕೂಸು?"

"ಹೆಣ್ಣು."

"ಹಂಗಾದ್ರ ಮಹಿಳಾ ಮೀಸಲಾತಿನೂ ಆತು."

ನರ್ಸು ವಾಡಿಕೆಯಂತೆ ಮಗುವಿನ ಅಂಗಾಲಿಗೆ ಶಾಯಿ ಹಚ್ಚಿ ಕೇಸ್ ಶೀಟಿನ ಮೇಲೆ ಒತ್ತಿದಳು. ಅಧ್ಯಕ್ಷೆ ಅದನ್ನು ತರಿಸಿ ನೋಡಿ, ಸಭೆಯ ಠರಾವನ್ನೂ ಅದರ ಹಿಂಬದಿಗೇ ಬರೆಸಿದಳು. ಹೊಲಿಗೆ ಮುಗಿಯಿತು. "ಸಭಾ ಮುಗೀತು," ಎಂದು ಏಳಲು ಹೋದಳು. ತಲೆ ಎದ್ದಿತು. ಉಳಿದದ್ದು ಏಳಲಿಲ್ಲ. ಅವತ್ತಿನ ಮಟ್ಟಿಗೆ ಮೊದಲ ಸಲ ಆಕೆ ಗಾಬರಿಯಾದಳು.

"ನನ್ನ ಕಾಲು ಎಲ್ಲಿ ಅದಾವ್ರಿ?"

"ನನ್ನ ಹತ್ರ ಅದಾವ. ಸಂಜೀಕ ಕೊಡ್ತೀನಿ."

"ಎಷ್ಟಕ್ಕ?"

"ಐದು, ಐದೂವರಿ."

"ಹಂಗಾದ್ರ ಅಲ್ಲೀತನಕ ನೀವು ನನ್ನ ಕಣ್ಣ ಮುಂದ ಕುಂದ್ರಬೇಕು. ನನ್ನ ಕಾಲು ಇಟ್ಕೊಂಡವ್ರು ಊರು ಬಿಟ್ಟು ಹೋದ್ರ ನಾ ಎಲ್ಲಿ ಹುಡುಕ್ಲಿ?"

ಹಾಸಿಗೆಯ ಪಕ್ಕ ಕೂತೆ. ಫೋನು ಕಪಾಟಿನಲ್ಲಿತ್ತು, ಕಪಾಟು ಎದ್ದು ಹೋದರೆ ಹತ್ತು ಹೆಜ್ಜೆ. ಗೋಡೆಯ ಗಡಿಯಾರದಲ್ಲಿ ನಾಲ್ಕೂವರೆ ಆಯಿತು, ಐದಕ್ಕೆ ಐದು ನಿಮಿಷ ಆಯಿತು. ಏಳಲಿಲ್ಲ. ಐದು ಹೊಡೆಯಿತು, ಮಸ್ಕತ್ತಿನ ಗಡುವು ಮುಗಿಯಿತು. ಎಲ್ಲಿಗೆ ಹೋದರೂ ಮುಂದಿನ ಊರಿನ ಬಸ್ಸಿನ ಹೊತ್ತು ಕೇಳುತ್ತಿದ್ದ ನಾನು ಅವತ್ತು ಕೇಳಿದ್ದು, "ಚಾ ಸಿಗ್ತದೇನ್ರಿ?"

ಐದೂ ಇಪ್ಪತ್ತಕ್ಕೆ ಹೊದಿಕೆಯ ಹೊರಗಿದ್ದ ಎಡಗಾಲಿನ ಹೆಬ್ಬೆರಳು ಅಲ್ಲಾಡಿತು. ಆಕೆಯ ಅತ್ತೆ, ಗಂಡ, ಆಯಾ, ಬಾಗಿಲಲ್ಲಿ ನಿಂತ ಡಾಕ್ಟರಮ್ಮ, ಎಲ್ಲರೂ ಬಾಗಿ ನೋಡಿದರು. ಅಧ್ಯಕ್ಷೆ ಮಗುವಿನ ಮೇಲಿನಿಂದ ಇಣುಕಿ ತನ್ನ ಹೆಬ್ಬೆರಳನ್ನು ಪರೀಕ್ಷೆ ಮಾಡಿದಳು.

"ಎಡಗಾಲು ಬಂತು. ಬಲಗಾಲು?"

ಅದೂ ಇನ್ನು ಹತ್ತು ನಿಮಿಷಕ್ಕೆ ತಾನಾಗಿ ಬರುವುದಿತ್ತು. ಅದನ್ನು ಆಕೆಗೆ ಹೇಳಲಿಲ್ಲ.

"ಅದು ನಾಳಿಗ್ರಿ," ಎಂದೆ ಚೀಲ ಹೆಗಲಿಗೇರಿಸಿಕೊಳ್ಳುತ್ತ. "ಮುಂಜಾನಿ ಬಸ್ಸಿಗಿ ಬರ್ತೀನಲ್ಲ, ತರ್ತೀನಿ."